ಐದನೆಯ ತರಗತಿಗೆ ಹೇಳಿಕೊಟ್ಟ ಸಂಥೆ

ದೇವರಿದ್ದಾನೆಂಬ ವಿಷಯದಲ್ಲಿ ನನಗೆ ಎಂದೂ ಸಂಶಯ ಬಂದದ್ದಿಲ್ಲ. ಬಂದಿರುವುದೆಲ್ಲ ಅವನ ಕಚೇರಿಯ ವ್ಯವಸ್ಥೆಯ ಬಗ್ಗೆ. ನಾನು ಸಂಸ್ಕೃತ ಹೇಳಿಕೊಡುತ್ತಿದ್ದ ಕ್ರೈಸ್ತ ಶಾಲೆಯ ಅಂಗಳದಲ್ಲಿ ಪ್ರತಿದಿನ ಬೆಳಿಗ್ಗೆ ಮಕ್ಕಳೆಲ್ಲ ಒಂದು ಕಣ್ಣು ಮುಚ್ಚಿ ಒಂದು ಕಣ್ಣು ತೆರೆದು ಪರಲೋಕದ ತಂದೆಯನ್ನು ಇಂಗ್ಲಿಷಿನಲ್ಲಿ ಪ್ರಾರ್ಥಿಸುವಾಗ, ಶಿಕ್ಷಕರ ಸಾಲಿನ ತುದಿಯಲ್ಲಿ ನಿಂತ ನಾನು ಶಾಲಿನೊಳಗೆ ಬೆರಳು ಮಡಿಸುತ್ತ, ಮನೆಯಲ್ಲಿ ಪೂರೈಸಲಾಗದ ಗಾಯತ್ರಿ ಜಪವನ್ನು ಮುಗಿಸಿಕೊಳ್ಳುತ್ತಿದ್ದೆ. ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಭಾಷಾಂತರ ಮಾಡಿದವನು ನಾನು. ಒಂದೇ ಅಂಗಳದಿಂದ ಒಂದೇ ಹೊತ್ತಿಗೆ ಎರಡು ಭಾಷೆಗಳಲ್ಲಿ ಹೊರಟ ಅರ್ಜಿಗಳು ಮೇಲೆ ಯಾವ ಕಡತಕ್ಕೆ ಸೇರಿಹೋಗುತ್ತವೆಂಬ ಚಿಂತೆ ನನ್ನಂಥವನಿಗೆ ಸಹಜವಾದದ್ದು. ನನ್ನ ಪುಣ್ಯದ ಒಂದು ಪಾಲು ಇಷ್ಟರಲ್ಲಿ ಯಾರೋ ಕ್ಯಾಥೊಲಿಕ್ ಮಗುವಿನ ಹೆಸರಿಗೆ ಹೋಗಿರಲೂ ಸಾಕು. ಅದರಿಂದ ಆ ಮಗು ಗಣಿತದಲ್ಲಿ ಪಾಸಾಗಿದ್ದರೆ ನನ್ನದೇನೂ ಆಕ್ಷೇಪವಿಲ್ಲ.

ಆ ಶಾಲೆಗೆ ನನ್ನನ್ನು ಕಳಿಸಿದ್ದು ವಿದ್ಯಾದಾನದ ಹಂಬಲವಲ್ಲ, ನನ್ನ ಹೆಂಡತಿ. ನಿವೃತ್ತನಾದ ಮೇಲೆ ದಿಲ್ಲಿಯ ಮಗ್ಗುಲಿನ ಇಂದಿರಾಪುರಂನ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನು ಮೂರು ಹೊತ್ತು ಸಂಧ್ಯಾವಂದನೆ, ಎರಡು ಹೊತ್ತು ಪಾರಾಯಣ, ಉಳಿದ ಹೊತ್ತಿನಲ್ಲಿ ಅವಳ ಅಡುಗೆಯ ವಿಮರ್ಶೆ ಮಾಡಿಕೊಂಡು ಸುಖವಾಗಿದ್ದೆ. ಒಂದು ದಿನ ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟು ಹೇಳಿದಳು:

“ರೀ, ನೀವು ಹೀಗೆ ದಿನವಿಡೀ ಎದುರಿಗೇ ಕೂತಿದ್ರೆ ದೇವರಿಗೂ ಬೇಜಾರಾಗುತ್ತೆ. ಅವನು ಬಾಯಿಬಿಟ್ಟು ಹೇಳಲ್ಲ, ಅದಕ್ಕೆ ನಾನು ಹೇಳ್ತಿದೀನಿ. ಎಲ್ಲಾದ್ರೂ ಹೋಗಿ ಬನ್ನಿ.”

ಹೋದದ್ದು ಇ-ರಿಕ್ಷಾದಲ್ಲಿ ಹತ್ತು ನಿಮಿಷ ದೂರದ ಆ ಶಾಲೆಗೆ. ಅದರ ಪ್ರಿನ್ಸಿಪಾಲರು ಮಂಗಳೂರಿನ ಕಡೆಯಿಂದ ಬಂದ ಸನ್ಯಾಸಿನಿ. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನನ್ನ ಹಣೆಯ ವಿಭೂತಿ, ಹಿಂದಲೆಯ ಜುಟ್ಟು, ಕಚ್ಚೆಪಂಚೆಯ ಮೇಲಿನ ಉಣ್ಣೆಯ ಕೋಟು, ಎಲ್ಲವನ್ನೂ ಒಂದು ಸುತ್ತು ನೋಡಿ ಅವರು ಕೇಳಿದರು:

“ನಮ್ಮಲ್ಲಿ ಬೆಳಿಗ್ಗೆ ಏಸುವಿನ ಪ್ರಾರ್ಥನೆ ಉಂಟು. ನಿಮಗೆ ಕಷ್ಟ ಆಗ್ಲಿಕ್ಕಿಲ್ಲವಾ?”

“ನಾನು ನಿಲ್ಲುವುದರಿಂದ ಅವನಿಗೆ ಕಷ್ಟವಾಗದಿದ್ದರೆ ನನಗೂ ಇಲ್ಲ.”

“ಅವನು ಇದಕ್ಕಿಂತ ದೊಡ್ಡ ಕಷ್ಟ ನೋಡಿದ್ದಾನೆ,” ಎಂದು ಸಿಸ್ಟರ್ ಗೋಡೆಯ ಶಿಲುಬೆಯತ್ತ ಕೈ ತೋರಿಸಿದರು. “ನಾಳೆಯಿಂದ ಬನ್ನಿ.”

ಹೀಗೆ ನಾನು ಆರರಿಂದ ಎಂಟನೆಯ ತರಗತಿಯವರೆಗೆ ರಾಮಃ ರಾಮೌ ರಾಮಾಃ ಹೇಳಿಸುತ್ತ ನಾಲ್ಕು ವರ್ಷ ಕಳೆದ ಮೇಲೆ, ಒಂದು ಜನವರಿಯಲ್ಲಿ, ಮಂಜು ಕವಿದು ಅಂಗಳದ ಬೇವಿನ ಮರವೂ ಕಾಣದಿದ್ದ ಬೆಳಿಗ್ಗೆ, ಸಿಸ್ಟರ್ ನನ್ನನ್ನು ಕರೆಸಿದರು.

“ಮಾಸ್ಟ್ರೇ, ನಿಮಗೊಬ್ಬಳು ಶಿಷ್ಯೆ ಬರ್ತಾಳೆ. ಅಮೆರಿಕದವಳು. ಅಲ್ಲಿ ಒಂದು ಕ್ರೈಸ್ತ ಕಾಲೇಜಿನಲ್ಲಿ ಟೀಚರ್ ಆಗ್ಲಿಕ್ಕೆ ಓದ್ತಾ ಇದ್ದಾಳೆ. ಹತ್ತು ವಾರ ಪ್ರಾಕ್ಟೀಸ್ ಟೀಚಿಂಗ್. ಐದನೇ ತರಗತಿಯ ಇಂಗ್ಲಿಷು ಅವಳಿಗೆ. ಅವಳನ್ನು ನೋಡಿಕೊಳ್ಳುವ ಹಿರಿಯ ಶಿಕ್ಷಕರು ನೀವು.”

“ಸಂಸ್ಕೃತದವನು ಇಂಗ್ಲಿಷಿಗೆ ಗುರುವೇ, ಸಿಸ್ಟರ್?”

“ಐದನೆಯ ಕ್ಲಾಸಿನ ಮಿಸ್ಸು ಹೆರಿಗೆಗೆ ಹೋಗಿದ್ದಾರೆ. ಫಾರಮ್ಮಿನಲ್ಲಿ ಹಿರಿಯರು ಬೇಕು ಅಂತ ಉಂಟು. ನಿಮ್ಮಷ್ಟು ಹಿರಿಯರು ಇಲ್ಲಿ ಮತ್ತೆ ಯಾರುಂಟು ಮಾರಾಯ್ರೆ? ಆ ಬೇವಿನ ಮರ ಒಂದುಂಟು. ಅದಕ್ಕೆ ಸಹಿ ಹಾಕ್ಲಿಕ್ಕೆ ಬರುದಿಲ್ಲ.”

ಬಂದವಳು ಇಪ್ಪತ್ತೆರಡರ ಹುಡುಗಿ. ಒಂದು ಪೆಟ್ಟಿಗೆಯ ತುಂಬ ಬಣ್ಣದ ಕಾಗದ, ಅಂಟಿಸುವ ನಕ್ಷತ್ರಗಳು ಮತ್ತು ಕಾಲುಚೀಲಕ್ಕೆ ಕಣ್ಣು ಹೊಲಿದು ಮಾಡಿದ ಒಂದು ಗೊಂಬೆಯನ್ನು ತಂದಿದ್ದಳು. ಮಕ್ಕಳನ್ನು ನೋಡಿ ನನ್ನನ್ನು ಗುರೂಜಿ ಎಂದು ಕರೆಯಲು ಕಲಿತಳು. ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಮುಂಚೆ ಅವಳು ಕಣ್ಣು ಮುಚ್ಚಿ ದೇವರನ್ನು ಸ್ಮರಿಸಿದಳು. ಎದುರಿಗೆ ನಾನು ಡಬ್ಬಿಯ ಸುತ್ತ ನೀರು ಕಟ್ಟಿ ಪರಿಷೇಚನೆ ಮಾಡಿದೆ. ಇಬ್ಬರೂ ಕಣ್ಣು ತೆರೆದಾಗ ನಮ್ಮ ನಡುವೆ ಕೂತಿದ್ದ ಗಣಿತದ ಶಿಕ್ಷಕರು ತಮ್ಮ ಎರಡನೆಯ ಪರಾಠಾ ಮುಗಿಸಿದ್ದರು. ಭಕ್ತಿಯಿಂದ ಆಹಾರ ತಣ್ಣಗಾಗುತ್ತದೆ ಎಂಬ ಒಂದು ವಿಷಯದಲ್ಲಾದರೂ ನಮ್ಮ ಎರಡು ಮತಗಳಿಗೆ ಅಂದೇ ಒಮ್ಮತವಾಯಿತು.

ಅವಳ ಪರಿಸ್ಥಿತಿಯನ್ನು ಅವಳೇ ಹೇಳಿದಳು. ಒಂಬತ್ತನೆಯ ವಾರದ ಕೊನೆಗೆ ಅವಳ ಕಾಲೇಜಿನ ಪ್ರೊಫೆಸರರು ಬಂದು ಒಂದೇ ಒಂದು ಪಾಠವನ್ನು ನೋಡುತ್ತಾರೆ. ಅದರಲ್ಲಿ ಪಾಸಾದರೆ ಅವಳು ಶಿಕ್ಷಕಿ. ಇಲ್ಲವಾದರೆ ಪ್ರಾಕ್ಟೀಸ್ ಟೀಚಿಂಗನ್ನೆಲ್ಲ ಇನ್ನೊಂದು ವರ್ಷ ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ, ಅವಳೇ ಚಿಕ್ಕವಳಾಗಿದ್ದಾಗ ಓದಿದ ಊರಿನ ಶಾಲೆಯಲ್ಲಿ ಅವಳಿಗಾಗಿ ಇಟ್ಟಿದ್ದ ಕೆಲಸ ಬೇರೆಯವರ ಪಾಲಾಗುತ್ತದೆ. ಪ್ರೊಫೆಸರರು ನೋಡುವುದು ಒಂದನ್ನೇ: ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಇಂಗ್ಲಿಷಿನಲ್ಲಿ ಸ್ವಂತ ಮಾತನ್ನು ಎಷ್ಟು ಆಡುತ್ತಾರೆ ಎಂಬುದನ್ನು.

ಸ್ವಂತ ಮಾತು! ಕಾವೇರಿಯ ದಂಡೆಯ ಪಾಠಶಾಲೆಯೊಂದರಲ್ಲಿ ಹನ್ನೆರಡು ವರ್ಷ ವೇದಾಧ್ಯಯನ ಮಾಡಿದ ನನಗೆ ಆ ಶಬ್ದವೇ ತುಸು ಅಶ್ಲೀಲವಾಗಿ ಕೇಳಿಸಿತು. ಆ ಹನ್ನೆರಡು ವರ್ಷದಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಒಮ್ಮೆಯೂ ಕೇಳಿರಲಿಲ್ಲ. ಹಸಿವಾಗಿದೆಯೇ ಎಂದು ಕೂಡ ಕೇಳುತ್ತಿರಲಿಲ್ಲ, ಗಂಟೆ ಹೊಡೆಯುತ್ತಿದ್ದರು.

ಐದನೆಯ ತರಗತಿಯ ಮೂವತ್ತೆಂಟು ಮಕ್ಕಳು ನಮ್ಮಂಥವರ ಅಪಾರ್ಟ್‌ಮೆಂಟುಗಳನ್ನು ಕಾಯುವ ಗಾರ್ಡುಗಳ, ಬಟ್ಟೆ ಇಸ್ತ್ರಿ ಮಾಡುವವರ, ಇ-ರಿಕ್ಷಾ ಓಡಿಸುವವರ ಮಕ್ಕಳು. ಮನೆಯಲ್ಲಿ ಹಿಂದಿ, ಭೋಜಪುರಿ, ಮೈಥಿಲಿ. ಇಂಗ್ಲಿಷು ಶಾಲೆಯ ಗೇಟಿನೊಳಗೆ ಮಾತ್ರ, ಸಮವಸ್ತ್ರದ ಟೈಯ ಹಾಗೆ. ಹುಡುಗಿ ಕಾಲುಚೀಲದ ಗೊಂಬೆಯನ್ನು ಕೈಗೆ ತೊಟ್ಟು, ಅದರ ಬಾಯಿಂದ, “ಈ ಚಿತ್ರ ನೋಡಿ ನಿಮಗೇನನ್ನಿಸುತ್ತದೆ?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ತರಗತಿ ಭಕ್ತಿಯಿಂದ ಮೌನವಾಗಿರುತ್ತಿತ್ತು. ಅವಳು ಮತ್ತೆ ಕೇಳಿದಾಗ ಯಾರಾದರೊಬ್ಬರು ಎದ್ದು, ದಿಲ್ಲಿಯಲ್ಲಿ ನೋಟ್‌ಬುಕ್ಕಿಗೆ ಇರುವ ಕಾಪಿ ಎಂಬ ಹೆಸರನ್ನು ಹಿಡಿದು, ಅತ್ಯಂತ ವಿನಯದಿಂದ ಕೇಳುತ್ತಿದ್ದರು: “ಮ್ಯಾಮ್, ಇದನ್ನ ಕಾಪಿಯಲ್ಲಿ ಬರೀಬೇಕಾ?”

ಬೋರ್ಡಿನ ಮೇಲಿದ್ದದ್ದನ್ನು ಕಾಪಿಗೆ, ಕಾಪಿಯಲ್ಲಿದ್ದದ್ದನ್ನು ಪರೀಕ್ಷೆಗೆ ಇಳಿಸುವುದು ಆ ಮಕ್ಕಳಿಗೆ ಗೊತ್ತಿದ್ದ ವಿದ್ಯೆ. ಬೋರ್ಡಿನ ಮೇಲೆ ಏನೂ ಇಲ್ಲದೆ ಟೀಚರು ಸುಮ್ಮನೆ ಮುಖ ನೋಡುತ್ತ ನಿಂತರೆ, ಪಾಪ, ಅವರಿಗೆ ಮರೆವು ಬಂದಿದೆಯೆಂದೇ ಅವು ಭಾವಿಸುತ್ತಿದ್ದವು.

ಎಂಟು ವಾರವಾದರೂ ಹೆಚ್ಚಿನ ಬದಲಾವಣೆಯಾಗಲಿಲ್ಲ. ನಾಲ್ಕೈದು ಮಕ್ಕಳು ಒಂದೆರಡು ಶಬ್ದ ಹೇಳುವಷ್ಟಾಗಿದ್ದರು. ಒಂಬತ್ತನೆಯ ವಾರ ಅವಳು ಸ್ಟಾಫ್ ರೂಮಿನಲ್ಲಿ ಡಬ್ಬಿಯ ಮುಂದೆ ಕೂತು ಅತ್ತಳು. ನಾನು ಏನು ಮಾಡಬೇಕೆಂದು ತೋಚದೆ ಹೆಂಡತಿ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯನ್ನು ಅವಳ ಕಡೆ ಸರಿಸಿದೆ. ಅವಳು ಅದನ್ನು ಬಾಯಿಗೆ ಹಾಕಿಕೊಂಡು ಇನ್ನೂ ಜೋರಾಗಿ ಅತ್ತಳು. ಈ ಬಾರಿ ಕಾರಣ ಸ್ಪಷ್ಟವಿತ್ತು.

ಸಂಜೆ ಮನೆಯಲ್ಲಿ ಹೇಳಿದೆ. ಹೆಂಡತಿ, “ಏನೂ ಮಾಡಕ್ಕೆ ಹೋಗ್ಬೇಡಿ,” ಎಂದಳು.

“ನಾನೇನು ಮಾಡುತ್ತೇನೆ?”

“ನಿಮಗೆ ಯಾರ ಮೇಲಾದ್ರೂ ಕರುಣೆ ಬಂದಾಗ್ಲೇ ನನಗೆ ಭಯ ಆಗೋದು.”

ನಲವತ್ತಾರು ವರ್ಷದ ದಾಂಪತ್ಯದಲ್ಲಿ ಅವಳು ಹೇಳಿದ್ದೆಲ್ಲ ನಿಜವಾಗಿದೆ. ಅದನ್ನು ಆಯಾ ಕಾಲದಲ್ಲೇ ನಂಬುವ ಅಭ್ಯಾಸ ಮಾತ್ರ ನನಗೆ ಬಂದಿಲ್ಲ.

ಪ್ರೊಫೆಸರರು ಬರುವ ಹಿಂದಿನ ದಿನ ಶುಕ್ರವಾರ. ಹುಡುಗಿ ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋದಳು. ಶಿಕ್ಷಕರಿಲ್ಲದ ತರಗತಿಗೆ ಬೇರೆಯವರನ್ನು ಕಳಿಸುವುದಕ್ಕೆ ಇಲ್ಲಿಯ ಶಾಲೆಗಳಲ್ಲಿ ಅರೇಂಜ್‌ಮೆಂಟ್ ಪೀರಿಯಡ್ ಎನ್ನುತ್ತಾರೆ. ಅಂದು ಐದನೆಯ ತರಗತಿಯ ಅರೇಂಜ್‌ಮೆಂಟು ನನಗೆ ಬಂತು. ಹೋಗಿ ನೋಡಿದರೆ ಮೇಜಿನ ಮೇಲೆ ಮರುದಿನದ ಪಾಠದ ಟಿಪ್ಪಣಿ. ಪ್ರಶ್ನೆ: ನಿಮ್ಮ ಬೀದಿಗೆ ಏನು ಬೇಕು, ಏಕೆ? ಕೆಳಗೆ, ಮಕ್ಕಳು ಹೇಳಬಹುದಾದ ಉತ್ತರಗಳು ಎಂದು ಅವಳು ತನ್ನ ಅನುಕೂಲಕ್ಕೆ ಬರೆದುಕೊಂಡ ಆರು ವಾಕ್ಯಗಳು. ನಮ್ಮ ಬೀದಿಗೆ ಒಂದು ಮರ ಬೇಕು, ಏಕೆಂದರೆ ಅಜ್ಜಿ ಅದರ ನೆರಳಿನಲ್ಲಿ ಕೂರಬಹುದು. ನಮ್ಮ ಬೀದಿಗೆ ಒಂದು ದೀಪ ಬೇಕು, ಏಕೆಂದರೆ ತಂಗಿಗೆ ಕತ್ತಲೆಂದರೆ ಭಯ. ಹೀಗೆ ಆರು.

ಮಕ್ಕಳು ಉತ್ತರ ಹೇಳಬೇಕು, ಉತ್ತರಗಳು ಇಲ್ಲಿವೆ, ನಲವತ್ತು ನಿಮಿಷವಿದೆ, ನಾನಿದ್ದೇನೆ. ದೈವಸಂಕಲ್ಪವೆಂದರೆ ಇಷ್ಟು ಅಚ್ಚುಕಟ್ಟಾಗಿರುವುದು ಅಪರೂಪ. ಸಂಶಯ ಪಡಬೇಕಿತ್ತು.

ವೇದವನ್ನು ಬಾಯಿಗೆ ಬರಿಸುವ ಕ್ರಮಕ್ಕೆ ಸಂಥೆ ಎನ್ನುತ್ತಾರೆ. ಗುರು ಒಮ್ಮೆ ಹೇಳುತ್ತಾನೆ, ಶಿಷ್ಯರು ಅದನ್ನೇ ಎರಡು ಬಾರಿ ಹೇಳುತ್ತಾರೆ. ಸ್ವರ ಏರುವಲ್ಲಿ ತಲೆ ಏರುತ್ತದೆ, ಇಳಿಯುವಲ್ಲಿ ಇಳಿಯುತ್ತದೆ. ಪುಸ್ತಕವಿಲ್ಲ, ಪ್ರಶ್ನೆಯಿಲ್ಲ, ತಪ್ಪಿದರೆ ಮೊದಲಿನಿಂದ. ಸಹಸ್ರಾರು ವರ್ಷ ಒಂದು ಅಕ್ಷರ ಆಚೀಚೆಯಾಗದಂತೆ ಕಾಪಾಡಿದ ಆ ಮಹಾಕ್ರಮವನ್ನು ನಾನು ಮರ, ದೀಪ, ನಲ್ಲಿ, ಬೆಂಚುಗಳ ಆರು ಇಂಗ್ಲಿಷ್ ವಾಕ್ಯಗಳಿಗೆ ಹಚ್ಚಿದೆ. ಋಷಿಗಳು ಕ್ಷಮಿಸಲಿ.

ಮಕ್ಕಳ ಉತ್ಸಾಹವನ್ನು ಹೇಳತೀರದು! ಎಂಟು ವಾರದಿಂದ ಅಭಿಪ್ರಾಯ ಕೇಳಿ ಕೇಳಿ ಬಳಲಿದ್ದ ಆ ಜೀವಗಳಿಗೆ ಮಾಡಬೇಕಾದ್ದೇನೆಂದು ಕೊನೆಗೂ ತಿಳಿದಿತ್ತು. ಮೊದಲ ಹತ್ತು ನಿಮಿಷಕ್ಕೆ ಒಂದು ವಾಕ್ಯ ಕುದುರಿತು. ಅರ್ಧ ಗಂಟೆಗೆ ಆರೂ ನಿಂತವು. ಇಂಗ್ಲಿಷಿನಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳು ಎಷ್ಟು ಚೆನ್ನಾಗಿ ಕೂರುತ್ತವೆಂಬುದು ಇಂಗ್ಲಿಷರಿಗೇ ತಿಳಿಯದು. ಗಂಟೆ ಹೊಡೆದಾಗ ನಾನು, “ಶಾಬಾಶ್! ನಾಳೆಯೂ ಹೀಗೆಯೇ,” ಎಂದು ಹಿಂದಿಯಲ್ಲಿ ಹೇಳಿ ಹೊರಬಂದೆ. ಆ ಕೊನೆಯ ಮಾತನ್ನು ಹೇಳದೆ ಬಂದಿದ್ದರೂ ಸಾಕಾಗಿತ್ತು.

ಮರುದಿನ ಪ್ರೊಫೆಸರರು ಬಂದರು. ನನ್ನ ವಯಸ್ಸಿನವರೇ ಆದ ಹೆಂಗಸು. ಬೆಳ್ಳಿಕೂದಲು, ನನ್ನಂತೆಯೇ ಮಾತು ಕೇಳದ ಮಂಡಿಗಳು. ಮಧ್ಯಾಹ್ನ ಮೂರಕ್ಕೆ ಅವರ ಕಾರು ಆಗ್ರಾಕ್ಕೆ ಹೊರಡಬೇಕಿತ್ತು. ಕೊನೆಯ ಬೆಂಚಿನಲ್ಲಿ ಕೂತು ಫೈಲು ತೆರೆದರು. ನಾನು ಹಿಂಬಾಗಿಲ ಬಳಿ, ಮದುವೆಮನೆಯಲ್ಲಿ ಹೆಣ್ಣಿನ ತಂದೆ ನಿಲ್ಲುವ ಹಾಗೆ ನಿಂತೆ.

ಹುಡುಗಿ ಪ್ರಶ್ನೆ ಕೇಳಿದಳು: “ನಿಮ್ಮ ಬೀದಿಗೆ ಏನು ಬೇಕು, ಏಕೆ?”

ಮೂವತ್ತೆಂಟು ಕೈಗಳೂ ಮೇಲೆದ್ದವು. ಅವಳ ಮುಖ ಅರಳಿದ್ದನ್ನು ನಾನು ಜನ್ಮದಲ್ಲಿ ಮರೆಯಲಾರೆ. ಮುಂದಿನ ಸಾಲಿನ ಒಬ್ಬ ಹುಡುಗನನ್ನು ತೋರಿಸಿದಳು. ಅವನು ಎದ್ದು, ಕೈಕಟ್ಟಿ, ಮರದ ವಾಕ್ಯವನ್ನು ತಲೆ ಏರಿಸಿ ಇಳಿಸಿ ನಿರ್ದೋಷವಾಗಿ ಹೇಳಿದ.

ಇಡೀ ತರಗತಿ ಅದನ್ನು ಎರಡು ಬಾರಿ ಹೇಳಿತು.

ಹುಡುಗಿ ನಕ್ಕಳು. ಮಕ್ಕಳು ಖುಷಿಯಲ್ಲಿದ್ದಾರೆಂದು ಭಾವಿಸಿದಳು. ಇನ್ನೊಬ್ಬಳನ್ನು ಕೇಳಿದಳು. ಅವಳಿಗೂ ಮರವೇ ಬೇಕಿತ್ತು, ಅಜ್ಜಿಗಾಗಿ. ತರಗತಿ ಎರಡು ಬಾರಿ ಅನುಮೋದಿಸಿತು. ಮೂರನೆಯವನೂ ಮರದಿಂದಲೇ ಆರಂಭಿಸಿದ, ಏಕೆಂದರೆ ಸಂಥೆಯನ್ನು ನಡುವಿನಿಂದ ಹಿಡಿಯುವ ಪದ್ಧತಿಯಿಲ್ಲ. ಅಲ್ಲಿಂದ ದೀಪಕ್ಕೆ, ನಲ್ಲಿಗೆ, ಬೆಂಚಿಗೆ ಉಸಿರು ಬಿಡದೆ ನಡೆದ.

“ತುಂಬ ಚೆನ್ನಾಗಿದೆ,” ಎಂದು ಹುಡುಗಿ ಅವನನ್ನು ತಡೆದಳು. “ಆದರೆ ನೀನು ಏನಂತೀಯ?”

“ತುಂಬ ಚೆನ್ನಾಗಿದೆ, ಆದರೆ ನೀನು ಏನಂತೀಯ,” ಎಂದಿತು ತರಗತಿ. “ತುಂಬ ಚೆನ್ನಾಗಿದೆ, ಆದರೆ ನೀನು ಏನಂತೀಯ.”

“ನಿಲ್ಲಿಸಿ!”

“ನಿಲ್ಲಿಸಿ! ನಿಲ್ಲಿಸಿ!”

ಪ್ರೊಫೆಸರರ ಪೆನ್ನು ಕಾಗದದ ಮೇಲೆ ನಿಂತಿತು. ಹುಡುಗಿಯ ಮುಖ ಬಿಳಿಚಿತು. ಮೊದಲೇ ಬಿಳುಪಾದ ಮುಖ ಇನ್ನೂ ಬಿಳಿಚಬಲ್ಲದೆಂದು ಅಂದು ತಿಳಿಯಿತು. ಆಗ ಮೂವತ್ತೆಂಟು ಮಕ್ಕಳೂ ಒಟ್ಟಿಗೆ ಹಿಂತಿರುಗಿ, ಸರಿಯಾಯಿತೇ ಎಂದು ಕೇಳುವ ಹೊಳೆಯುವ ಕಣ್ಣುಗಳಿಂದ ನನ್ನನ್ನು ನೋಡಿದರು. ನಾನು ಮಾಧ್ಯಾಹ್ನಿಕದ ಹೊತ್ತಾಯಿತೆಂದು ನೆನಪು ಮಾಡಿಕೊಂಡು ಅಲ್ಲಿಂದ ಜಾರಿದೆ. ಹನ್ನೊಂದು ಗಂಟೆಯಾಗಿತ್ತು.

ಅಂಗಳದ ನಲ್ಲಿಯ ಬಳಿ ಆಚಮನಕ್ಕೆ ಕೈಯೊಡ್ಡಿದ್ದೆ. ಹಿಂದಿನಿಂದ ಸಿಸ್ಟರ್ ಧ್ವನಿ ಬಂತು.

“ಮಾಸ್ಟ್ರೇ, ಎಂತ ಮಾಡಿದ್ರಿ ನೀವು?”

“ಆಚಮನ.”

“ಅದಲ್ಲ. ಆ ಮಕ್ಕಳು ತಲೆ ಆಡಿಸುದು ಕಿಟಕಿಯಿಂದ ಕಂಡ ಕೂಡಲೇ ನನಗೆ ಗೊತ್ತಾಯ್ತು. ಇಂಗ್ಲಿಷಿಗೆ ಜನಿವಾರ ಹಾಕಿದ್ದೀರಿ ನೀವು.”

ನಾನು ನಡೆದದ್ದನ್ನು ಹೇಳಿದೆ. ಅವರು ನಗುವನ್ನು ತಡೆಯಲು ಕೊರಳ ಶಿಲುಬೆಯನ್ನು ಹಿಡಿದುಕೊಂಡರು, ಆಮೇಲೆ ಗಂಭೀರರಾದರು.

“ಅಲ್ಲಿ ಪ್ರೊಫೆಸರ್ ಕೇಳ್ತಾ ಇದ್ದಾರೆ, ಗಿಣಿಪಾಠ ಕಲಿಸಿದ್ದು ನೀನಾ ಅಂತ. ಅವಳಿಗೆ ಗೊತ್ತೇ ಇಲ್ಲ, ಎಂತ ಹೇಳ್ತಾಳೆ ಪಾಪ? ಫೇಲು ಮಾಡ್ತಾರೆ ಅವಳನ್ನು. ನಮ್ಮಲ್ಲಿ ತಪ್ಪು ಮಾಡಿದ್ರೆ ಪಾಪನಿವೇದನೆ ಅಂತ ಉಂಟು. ನಿಮ್ಮಲ್ಲಿ ಎಂತ ಉಂಟು?”

“ಪ್ರಾಯಶ್ಚಿತ್ತವಿದೆ. ಉಪವಾಸ, ಪಂಚಗವ್ಯ ಪ್ರಾಶನ…”

“ಗೋಮೂತ್ರ ಎಲ್ಲ ಆಮೇಲೆ ಕುಡೀರಿ. ಈಗ ಬಾಯಿಬಿಟ್ಟು ಹೇಳಿ, ಸಾಕು. ಚಲೋ!”

ನಾನು ಹೆದರಿದ್ದೆ. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ, ಭಾಷಾಂತರ ತಪ್ಪಾದರೆ ಮೂಲವೇ ಅಸ್ಪಷ್ಟವಾಗಿತ್ತು ಎಂದು ಟಿಪ್ಪಣಿ ಬರೆದು ಪಾರಾದವನು ನಾನು. ಇಲ್ಲಿ ಮೂಲ ಆರು ವಾಕ್ಯ, ಕನ್ನಡಿಯಷ್ಟು ಸ್ಪಷ್ಟ. ಪ್ರಿನ್ಸಿಪಾಲರ ಕೋಣೆಯಲ್ಲಿ ಪ್ರೊಫೆಸರರೂ ಹುಡುಗಿಯೂ ಎದುರುಬದುರು ಕೂತಿದ್ದರು. ನನ್ನ ಇಂಗ್ಲಿಷು ಉದ್ದುದ್ದ ವಾಕ್ಯಗಳದ್ದು. ಅಂದು ಎರಡೇ ಚಿಕ್ಕ ವಾಕ್ಯಗಳು ಹೊರಟವು.

“ನಾನು ಮಾಡಿದೆ. ಇವಳಿಗೆ ಗೊತ್ತಿಲ್ಲ.”

ಪ್ರೊಫೆಸರರು ಎಲ್ಲವನ್ನೂ ಕೇಳಿದರು. ಎಷ್ಟು ಹೊತ್ತು ಹಿಡಿಯಿತು ಎಂದರು. ಅರ್ಧ ಗಂಟೆ ಎಂದೆ. “ಉಚ್ಚಾರಣೆ ಅದ್ಭುತವಾಗಿತ್ತು,” ಎಂದು ಅವರು ಪ್ರಾಮಾಣಿಕವಾಗಿಯೇ ಹೇಳಿದರು. ನನ್ನ ಎದೆ ಉಬ್ಬಿತು. ನಾಚಿಕೆಗೇಡು, ಆದರೆ ಉಬ್ಬಿತು. “ಆದರೆ ನಾನು ನೋಡಿದ್ದು ನಿಮ್ಮ ಪಾಠ. ಇವಳದನ್ನು ಇನ್ನೂ ನೋಡಿಲ್ಲ. ಊಟವಾದ ಮೇಲೆ ಅರ್ಧ ಗಂಟೆ ಕೊಡುತ್ತೇನೆ. ಹೊಸ ಪ್ರಶ್ನೆ. ಅದೂ ಆಗದಿದ್ದರೆ ನಾನು ಬರೆಯಬೇಕಾದ್ದನ್ನು ಬರೆಯುತ್ತೇನೆ.”

ಹೊರಗೆ ಹುಡುಗಿ ನನ್ನ ಜೊತೆಗೇ ಬಂದಳು. ಕ್ಷಮಿಸುತ್ತಾಳೆಂದುಕೊಂಡೆ, ಕ್ಷಮೆಗೆ ಹೆಸರಾದ ಮತ ಅವಳದು.

“ಗುರೂಜಿ, ನೀವು ನನಗೆ ಸಹಾಯ ಮಾಡಲಿಲ್ಲ. ಮಕ್ಕಳಿಗೆ ಮಾತು ಬರುವುದಿಲ್ಲ ಅಂದುಕೊಂಡಿರಿ. ನನಗೆ ಕಲಿಸಲು ಬರುವುದಿಲ್ಲ ಅಂದುಕೊಂಡಿರಿ.”

ಎರಡನ್ನೂ ಅಂದುಕೊಂಡಿದ್ದೆ. ಅವಳು ಊಟ ಮಾಡಲಿಲ್ಲ. ನಾನು ಮಾಡಿದೆ, ಏಕೆಂದರೆ ಡಬ್ಬಿ ತುಂಬಿಯೇ ಮನೆಗೆ ಹೋದರೆ ಅಲ್ಲಿ ಇನ್ನೊಂದು ವಿಚಾರಣೆ ನಡೆಯುತ್ತಿತ್ತು.

ಊಟದ ನಂತರ ಅವಳು ಬರಿಗೈಯಲ್ಲಿ ತರಗತಿಗೆ ಹೋದಳು. ಗೊಂಬೆಯಿಲ್ಲ, ಬಣ್ಣದ ಕಾಗದವಿಲ್ಲ. ಪ್ರೊಫೆಸರರು ಕೊನೆಯ ಬೆಂಚಿನಲ್ಲಿ, ಅವರ ಪಕ್ಕದಲ್ಲಿ ಸಿಸ್ಟರ್. ಮಕ್ಕಳು ಎರಡು ಬಾರಿ ಹೇಳಲು ಬಾಯಿ ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಹುಡುಗಿ ಬಾಗಿಲತ್ತ ತಿರುಗಿದಳು.

“ಗುರೂಜಿ, ಒಳಗೆ ಬನ್ನಿ. ಇಲ್ಲಿ ನಿಲ್ಲಿ.”

ಬೋರ್ಡಿನ ಮುಂದೆ ನಿಂತೆ. ಅವಳು ನಿಧಾನವಾಗಿ, ಬಿಡಿಬಿಡಿಯಾದ ಇಂಗ್ಲಿಷಿನಲ್ಲಿ ಮಕ್ಕಳಿಗೆ ಹೇಳಿದಳು: ಗುರೂಜಿ ನನ್ನ ಉತ್ತರಗಳನ್ನು ನಿಮಗೆ ಹೇಳಿಕೊಟ್ಟರು. ನನ್ನನ್ನು ಕೇಳಲಿಲ್ಲ. ಈಗ ಗುರೂಜಿಯನ್ನು ಏನು ಮಾಡೋಣ? ಏಕೆ?

ಮುಂದಿನ ಸಾಲಿನವನು, “ಈಗ ಗುರೂಜಿಯನ್ನು…” ಎಂದು ಸಂಥೆ ಎತ್ತಿದವನು ಅರ್ಧದಲ್ಲೇ ನಿಂತ. ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಅರ್ಥವಾಗಿಬಿಟ್ಟಿತು. ಆಮೇಲೆ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು:

“ಮುರ್ಗಾ.”

ಮುರ್ಗಾ ಎಂದರೆ ಹುಂಜ. ಕುಕ್ಕರುಗಾಲಿನಲ್ಲಿ ಬಗ್ಗಿ, ತೊಡೆಗಳ ಸಂದಿಯಿಂದ ಕೈ ತೂರಿಸಿ ಕಿವಿ ಹಿಡಿದುಕೊಳ್ಳುವ ಉತ್ತರ ದೇಶದ ಶಾಲೆಗಳ ಹಳೆಯ ಶಿಕ್ಷೆ. ತರಗತಿ ನಗೆಯಿಂದ ಒಡೆದುಹೋಯಿತು.

“ಇಂಗ್ಲಿಷಿನಲ್ಲಿ,” ಎಂದಳು ಹುಡುಗಿ. “ಬಿಕಾಸ್ ಸೇರಿಸಿ.”

“ಮ್ಯಾಮ್! ಗುರೂಜಿ ಮುರ್ಗಾ, ಬಿಕಾಸ್ ಗುರೂಜಿ ಡೂ ಚೀಟಿಂಗ್!”

“ನೋ ಮ್ಯಾಮ್, ನೋ ಮುರ್ಗಾ! ಬಿಕಾಸ್ ಗುರೂಜಿ ಲೆಗ್ ಈಸ್ ವೆರಿ ಓಲ್ಡ್. ಹಿ ಗೋ ಡೌನ್, ಹಿ ನಾಟ್ ಕಮ್ ಅಪ್!”

“ದೆನ್ ಸಿಸ್ಟರ್ ಪುಲ್ಲಿಂಗ್!”

“ಗುರೂಜಿ ಬ್ರಿಂಗ್ ಲಡ್ಡೂ ಫಾರ್ ಆಲ್!”

“ಬಿಕಾಸ್?” ಎಂದಳು ಹುಡುಗಿ.

“ಬಿಕಾಸ್ ಲಡ್ಡೂ ಈಸ್ ಗುಡ್!”

ವ್ಯಾಕರಣದ ಹೆಣಗಳು ನೆಲದ ತುಂಬ ಬಿದ್ದವು. ಕ್ರಿಯಾಪದಗಳು ಕರ್ತೃವನ್ನು ಕಳೆದುಕೊಂಡು ಅಲೆದವು. ಪ್ರತಿ ವಾಕ್ಯಕ್ಕೂ ನನ್ನ ನಾಲಿಗೆ ತಿದ್ದಲು ಎದ್ದು ಹಲ್ಲಿಗೆ ಬಡಿದು ಮರಳುತ್ತಿತ್ತು. ನನ್ನ ಶಿಕ್ಷೆಯ ವಿಷಯದಲ್ಲಿ ಒಬ್ಬರಿಗಿರುವ ಅಭಿಪ್ರಾಯ ಇನ್ನೊಬ್ಬರಿಗಿರಲಿಲ್ಲ. ಮೂವತ್ತೆಂಟು ಜನರಲ್ಲಿ ಇಪ್ಪತ್ತು ಜನರಾದರೂ ಮಾತಾಡಿದರು. ಪ್ರೊಫೆಸರರು ಬರೆಯುತ್ತಲೇ ಇದ್ದರು. ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದರು, ದುಃಖದಿಂದಲ್ಲ.

ಎರಡನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಇಸ್ತ್ರಿ ಮಾಡುವವನ ಮಗಳು. ಅವಳ ಧ್ವನಿಯನ್ನು ನಾನು ಅಲ್ಲಿಯೂ ಇಲ್ಲಿಯೂ ಕೇಳಿರಲಿಲ್ಲ. ಎಲ್ಲರ ನಗೆ ಅಡಗುವವರೆಗೆ ಕಾದಳು.

“ಮ್ಯಾಮ್, ಗುರೂಜಿ ಸಿಟ್. ಗುರೂಜಿ ನಾಟ್ ಟಾಕ್. ಬಿಕಾಸ್ ದೆನ್ ವಿ ಟಾಕ್.”

ಯಾರೂ ನಗಲಿಲ್ಲ. ಅಮೆರಿಕದ ಹುಡುಗಿ ಬೋರ್ಡಿನ ಮೇಲೆ ಆ ಮಾತನ್ನು ತಿದ್ದದೆ ಹಾಗೆಯೇ ಬರೆದಳು. ಇದನ್ನು ಒಪ್ಪುವವರು ಕೈ ಎತ್ತಿ ಎಂದಳು. ಮುರ್ಗಾ ಪಕ್ಷದ ಮೂವರನ್ನು ಬಿಟ್ಟು ಎಲ್ಲರೂ ಎತ್ತಿದರು. ಸಿಸ್ಟರ್ ಕೂಡ.

ಮೂರಕ್ಕೆ ಹತ್ತು ನಿಮಿಷವಿರುವಾಗ ಪ್ರೊಫೆಸರರು ಪಾಸೆಂದು ಬರೆದು ಸಹಿ ಹಾಕಿದರು. ಉತ್ತಮವೆಂದಲ್ಲ, ತೃಪ್ತಿಕರವೆಂದು, ಬೆಳಗಿನ ಪಾಠವನ್ನೂ ಮರೆಯಲಾರೆ ಎಂದರು. ಅವಳಿಗೆ ಅಷ್ಟೇ ಸಾಕಾಗಿತ್ತು, ಊರಿನ ಶಾಲೆ ಅವಳದಾಗಲು. ಅವಳು ಸಿಸ್ಟರನ್ನು ಅಪ್ಪಿಕೊಂಡಳು, ಪ್ರೊಫೆಸರರನ್ನು ಅಪ್ಪಿಕೊಂಡಳು. ನನಗೆ ದೂರದಿಂದ ಕೈಮುಗಿದಳು. ಮಡಿಯ ಮೇಲಿನ ಗೌರವದಿಂದಲೇ ಇರಬಹುದೆಂದು ಸಮಾಧಾನ ಮಾಡಿಕೊಂಡೆ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ ಬಹಳ ಹೊತ್ತು ನಕ್ಕಳು. “ಆ ಮಗು ಯಾರ ಮನೇದು? ಕರ್ಕೊಂಡು ಬನ್ನಿ. ನಲವತ್ತಾರು ವರ್ಷದಿಂದ ನನಗೆ ಹೇಳಕ್ಕಾಗದೇ ಇದ್ದಿದ್ದನ್ನ ಇಂಗ್ಲಿಷಲ್ಲಿ ಹೇಳ್ಬಿಟ್ಟಿದಾಳೆ,” ಎಂದಳು.

ಸೋಮವಾರದಿಂದ ಶಿಕ್ಷೆ ಜಾರಿಗೆ ಬಂತು. ಉಳಿದಿದ್ದ ಒಂದು ವಾರ ದಿನಕ್ಕೊಂದು ಪೀರಿಯಡ್ ನಾನು ಎರಡನೆಯ ಸಾಲಿನಲ್ಲಿ, ಇಸ್ತ್ರಿಯವನ ಮಗಳ ಪಕ್ಕದಲ್ಲಿ, ಮಂಡಿ ಡೆಸ್ಕಿಗೆ ಒತ್ತುವ ಆ ಕುಳ್ಳು ಬೆಂಚಿನ ಮೇಲೆ ಮೌನವ್ರತದಲ್ಲಿ ಕೂತೆ. ಚಾತುರ್ಮಾಸ್ಯದಲ್ಲಿ ಬೇಳೆ ತರಕಾರಿ ಬಿಟ್ಟವನಿಗೆ ಮಾತು ಬಿಡುವುದೇನು ಮಹಾ ಎಂದುಕೊಂಡಿದ್ದೆ. ಬುಧವಾರ ಒಬ್ಬ ಹುಡುಗ ಎದ್ದು, ತನ್ನ ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವುದರಿಂದ ತಮ್ಮ ಮನೆಯಲ್ಲಿ ಭಾನುವಾರ ಮಾತ್ರ ಜೋರಾಗಿ ನಗಬಹುದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದ. ಒಂದೇ ವಾಕ್ಯದಲ್ಲಿ ಐದು ತಪ್ಪು. ನಾನು ತಡೆಯಲಾರದೆ ಕೈ ಎತ್ತಿದೆ.

ಅಮೆರಿಕದ ಹುಡುಗಿ ಬೋರ್ಡಿನ ಬಳಿಯಿಂದ ನನ್ನನ್ನು ನೋಡಿದಳು, ಚೆನ್ನಾಗಿಯೇ ನೋಡಿದಳು, ಕರೆಯಲಿಲ್ಲ. ಪಕ್ಕದಲ್ಲಿದ್ದ ಮಗು ನನ್ನ ಶಾಲಿನ ತುದಿ ಹಿಡಿದು ಕೈಯನ್ನು ಮೆಲ್ಲಗೆ ಕೆಳಗೆಳೆಯಿತು. ಹುಡುಗ ಆರನೆಯ ತಪ್ಪನ್ನೂ ಮಾಡಿ, ಹೇಳಬೇಕಾದ್ದನ್ನು ಹೇಳಿ ಮುಗಿಸಿ ಕೂತ.